ಜಿಯೋಜೀಬ್ರಾ: ಮೂಡಿಗೆರೆಯ ಒಂದು ಮಳೆಗಾಲದ ಅನುಭವ

ಒಂಬತ್ತನೇ ತರಗತಿಯ ವೃತ್ತಗಳ ಪಾಠವನ್ನು 19 ವರ್ಷ ಸೀಮೆಸುಣ್ಣದಲ್ಲಿಯೇ ಮಾಡಿದವಳು ನಾನು. ಮಕ್ಕಳು ಪ್ರಮೇಯವನ್ನು ಬಾಯಿಪಾಠ ಮಾಡಿ ಅಂಕ ತೆಗೆಯುತ್ತಿದ್ದರು, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಿದ್ದರು. ಕಳೆದ ಜುಲೈಯಿಂದ ಜಿಯೋಜೀಬ್ರಾ ಬಳಸುತ್ತಿದ್ದೇನೆ. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಕಸ್ ಹೊಹೆನ್‌ವಾರ್ಟರ್ 2001ರಲ್ಲಿ ಆರಂಭಿಸಿದ ಗಣಿತದ ತಂತ್ರಾಂಶವಿದು. ತರಗತಿಯ ಬಳಕೆಗೆ ಉಚಿತ. ಒಮ್ಮೆ ಲ್ಯಾಪ್‌ಟಾಪಿಗೆ ಹಾಕಿಕೊಂಡರೆ ಇಂಟರ್ನೆಟ್ ಕೂಡ ಬೇಡ. ನಮಗೆ ಮುಖ್ಯವಾದದ್ದು ಇದೇ. ಮೂಡಿಗೆರೆಯ ಕಡೆ ಮಳೆ ಹಿಡಿಯಿತೆಂದರೆ ಮೊದಲು ಕರೆಂಟು ಹೋಗುತ್ತದೆ, ಅದರ ಬೆನ್ನಿಗೇ ನೆಟ್‌ವರ್ಕ್.

ಪಾಠ ಹಿಂದೆ ಬಿದ್ದರೆ ಯಾರು ಹೊಣೆ ಎಂದು ಮುಖ್ಯ ಶಿಕ್ಷಕರು ಕೇಳಿದರು. ನಾನೇ ಎಂದೆ. ಸ್ವಂತ ದುಡ್ಡಿನಲ್ಲಿ ಹಳೆಯ ಪ್ರೊಜೆಕ್ಟರ್ ಒಂದನ್ನು ತಂದೆ. ಮೂರನೇ ವಾರಕ್ಕೆ ಅದರ ಬಲ್ಬು ಸುಟ್ಟಿತು. ಆಮೇಲೆ ಲ್ಯಾಪ್‌ಟಾಪನ್ನೇ ಬೆಂಚಿನ ಮೇಲಿಟ್ಟು ಏಳೆಂಟು ಮಕ್ಕಳನ್ನು ಸರದಿಯಂತೆ ಸುತ್ತ ಕೂರಿಸಿದೆ. ಮೌಸ್ ಅವರ ಕೈಗೆ ಹೋದದ್ದು ಹೀಗೆ.

ಅಂದು ಅರ್ಧವೃತ್ತದಲ್ಲಿನ ಕೋನ ಯಾವಾಗಲೂ 90 ಡಿಗ್ರಿ ಎಂಬ ಪ್ರಮೇಯದ ಪಾಠ. ಎ, ಬಿ ಎಂಬ ಬಿಂದುಗಳ ನಡುವೆ ವ್ಯಾಸ ಎಳೆದು, ವೃತ್ತದ ಮೇಲೆ ಸಿ ಬಿಂದುವನ್ನು ಇಟ್ಟು, ಅದನ್ನು ಎ ಮತ್ತು ಬಿಗೆ ಸೇರಿಸಿ, ಸಿಯಲ್ಲಿನ ಕೋನವನ್ನು ಅಳೆಯಲು ಹೇಳಿದೆ: 90 ಡಿಗ್ರಿ. ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವ ಹುಡುಗನೊಬ್ಬ, ತರಗತಿಯಲ್ಲಿ ಬಾಯಿಯೇ ತೆರೆಯದವನು, ಸಿ ಬಿಂದುವನ್ನು ಹಿಡಿದು ಎಳೆಯತೊಡಗಿದ. ತ್ರಿಭುಜ ಉದ್ದವಾಯಿತು, ಚಪ್ಪಟೆಯಾಯಿತು. 90 ಮಾತ್ರ ಕದಲಲಿಲ್ಲ. ಅವನು ನಿಲ್ಲಿಸಲಿಲ್ಲ. ಬಿ ಬಿಂದುವನ್ನು ದಾಟಿಸಿ ವ್ಯಾಸದ ಕೆಳಕ್ಕೆ ಎಳೆದ. ಪರದೆಯ ಮೇಲೆ 270!

“ಮೇಡಂ, ಪ್ರಮೇಯ ತಪ್ಪೇ?” ಎಂದ.

ನನಗೆ ಉತ್ತರ ಗೊತ್ತಿರಲಿಲ್ಲ. ಹಾಗೆಂದು ಮಕ್ಕಳಿಗೇ ಹೇಳಿದೆ. ಇಷ್ಟು ವರ್ಷಗಳಲ್ಲಿ ತರಗತಿಯಲ್ಲಿ ಆ ಮಾತು ಆಡಿದ್ದು ಅದೇ ಮೊದಲು. ಎಲ್ಲರೂ ಸೇರಿ ಹುಡುಕಿದೆವು. 270ಕ್ಕೆ 90 ಸೇರಿಸಿದರೆ 360 ಎಂದು ಒಬ್ಬಳು ಹಿಡಿದಳು. ತಂತ್ರಾಂಶ ಕೋನವನ್ನು ಸದಾ ಅಪ್ರದಕ್ಷಿಣವಾಗಿ ಅಳೆಯುತ್ತದೆ. ಬಿಂದು ಆಚೆ ಬದಿಗೆ ಹೋದಾಗ ಒಳಗಿನ ಕೋನದ ಬದಲು ಹೊರಗಿನ ಸರಳಾಧಿಕ ಕೋನವನ್ನು, ಅಂದರೆ 180ಕ್ಕಿಂತ ದೊಡ್ಡದನ್ನು, ತೋರಿಸಿತ್ತು. ಕೋನದ ಗುಣಲಕ್ಷಣಗಳಿಗೆ ಹೋಗಿ 0ಯಿಂದ 180 ಡಿಗ್ರಿಯ ನಡುವೆ ಎಂದು ಆರಿಸಿದರೆ ಸರಿಹೋಗುತ್ತದೆ. ನಾನು ಆರಿಸಿಲ್ಲ. ಮುಂದಿನ ತಂಡದವರಿಗೂ ಆ 270 ಎದುರಾಗಬೇಕು.

ಹಳೆಯ ಲ್ಯಾಪ್‌ಟಾಪ್ ಇರುವವರಿಗೆ ಕ್ಲಾಸಿಕ್ 5 ಆವೃತ್ತಿ ಸಾಕು. ಮೊಬೈಲಿನಲ್ಲಿಯೂ ಸಿಗುತ್ತದೆ, ಆದರೆ ಎಳೆಯುವ ಬೆರಳೇ ಬಿಂದುವನ್ನು ಮುಚ್ಚುವುದರಿಂದ ತರಗತಿಗೆ ನಾನು ಅದನ್ನು ಒಪ್ಪುವುದಿಲ್ಲ. ಹಿಂದಿನ ರಾತ್ರಿ ಬ್ಯಾಟರಿ ತುಂಬಿಸಿಕೊಳ್ಳಿ. ಚಿತ್ರವನ್ನು ಮೊದಲೇ ಸಿದ್ಧಮಾಡಿ ತರಬೇಡಿ, ಬಿಂದು ಇಡುವುದರಿಂದ ಹಿಡಿದು ಎಲ್ಲವನ್ನೂ ಮಕ್ಕಳೇ ಮಾಡಲಿ. ಬೀಜಗಣಿತದ ನಕ್ಷೆಗಳಿಗೂ ಚೆನ್ನಾಗಿದೆ, ನಾನು ಅಷ್ಟು ಬಳಸಿಲ್ಲ.

ಗಂಟೆ ಬಾರಿಸಿದ ಮೇಲೂ ಆ ಹುಡುಗ ಬೆಂಚು ಬಿಟ್ಟು ಏಳಲಿಲ್ಲ. ವ್ಯಾಸದ ಬದಲು ಚಿಕ್ಕ ಜ್ಯಾ ಎಳೆದರೂ ಕೋನ ಹೀಗೆಯೇ ನಿಲ್ಲುತ್ತದೆಯೇ ಎಂದು ಕೇಳಿದ. ಮರುದಿನದ ಪಾಠವನ್ನು ಅಲ್ಲಿಂದಲೇ ಶುರುಮಾಡಿದೆ.