ಆರ್‌ವಿ ಟ್ರಿಪ್‌ಗೆ ವೀಣೆನಾ, ಮರದ ಪಿಟೀಲಾ, ಕಾರ್ಬನ್ ಫೈಬರ್ ಪಿಟೀಲಾ?

ಮೊದಲೇ ಹೇಳ್ಬಿಡ್ತೀನಿ, ನನ್ನ ಓಟು ಕಾರ್ಬನ್ ಫೈಬರ್ ಪಿಟೀಲಿಗೆ. ಮೂರರಲ್ಲಿ ನಾದ ಅತೀ ಕಮ್ಮಿ ಇರೋದು ಅದರದ್ದೇ, ಮನೆಯಲ್ಲಿ ಅದಕ್ಕೆ ಕರಿಯ ಅಂತ ಹೆಸರೂ ಬಿದ್ದಿದೆ. ಆದ್ರೂ ಮರುಭೂಮಿ ಕಡೆ ಹೊರಟ್ರೆ ಗಾಡಿ ಹತ್ತೋದು ಅದೊಂದೇ.

ನಾವಿರೋದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ಆರ್‌ವಿ, ಅಂದ್ರೆ ಒಳಗೇ ಮಲಗೋ ಮನೆ ಥರದ ಗಾಡಿ, ಸ್ವಂತದ್ದಲ್ಲ, ಬಾಡಿಗೆಗೆ ತಗೊಳ್ಳೋ 25 ಅಡಿ ಕ್ಲಾಸ್ ಸಿ (ಡ್ರೈವರ್ ತಲೆ ಮೇಲೆ ಬಂಕ್ ಇರೋದು), ಸ್ಪ್ರಿಂಗ್ ಬ್ರೇಕಿಗೋ ಥ್ಯಾಂಕ್ಸ್‌ಗಿವಿಂಗಿಗೋ ಮಕ್ಕಳನ್ನ ತುಂಬ್ಕೊಂಡು ಹೊರಡೋದು. ಬೆಟ್ಟ ದಾಟೋ ಟಯೋಗಾ ಪಾಸ್ ರಸ್ತೆ ಆ ಟೈಮಲ್ಲಿ ಹಿಮದಿಂದ ಮುಚ್ಚಿರುತ್ತೆ, ಹಾಗಾಗಿ ಬೇಕರ್ಸ್‌ಫೀಲ್ಡ್ ಮೇಲೆ ಸುತ್ತಿ ಡೆತ್ ವ್ಯಾಲಿ, ಅಲ್ಲಿಂದ ಯೂಟಾದ ಝಯನ್, ರಜೆ ಉಳಿದ್ರೆ ಮೋಆಬ್. ಹೆಂಡತಿ ವೀಣೆ, ನಾನು ಪಿಟೀಲು. ಇಬ್ರಿಗೂ ಬೆಳಗ್ಗೆ ಕಾಫಿ ಆದಮೇಲೆ ಅರ್ಧ ಗಂಟೆ ಸಾಧಕ ಆಗ್ಲೇಬೇಕು, ಇಲ್ಲಾಂದ್ರೆ ಇಡೀ ದಿನ ಸಿಡಿಮಿಡಿ.

ವೀಣೆ ವಿಷಯ ಮೊದಲು. ಮೈಸೂರಿಂದ ತಂದಿರೋ ಹಲಸಿನ ಮರದ್ದು, ನಾಲ್ಕಡಿಗೂ ಮೇಲೆ ಉದ್ದ, ಬಾಕ್ಸ್ ಸೇರಿದ್ರೆ ಇನ್ನೂ ಜಾಸ್ತಿ. ಡ್ರೈವರ್ ತಲೆ ಮೇಲಿನ ಬಂಕಲ್ಲಿ ಇಟ್ರೆ ಮಗ ಮಲಗೋದೆಲ್ಲಿ? ನುಡಿಸೋಕೂ ಅಷ್ಟೇ, ಗಾಡಿಯ ಒಂದು ಬದಿಯನ್ನ ಹೊರಕ್ಕೆ ಸ್ಲೈಡ್ ಔಟ್ ಮಾಡಿದ ಮೇಲೆ ಮಾತ್ರ ನೆಲದ ಮೇಲೆ ಜಾಗ ಸಿಗೋದು, ಅವಳು ಕೂತಮೇಲೆ ಯಾರೂ ಬಾತ್‌ರೂಮಿಗೆ ಹೋಗೋ ಹಾಗಿಲ್ಲ. ಇದೆಲ್ಲ ಸಹಿಸ್ಕೋಬಹುದು. ಸಹಿಸೋಕಾಗದೇ ಇರೋದು ಮೇಳ, ಅಂದ್ರೆ ಮೆಟ್ಟಿಲು (ತಂತಿ ಒತ್ತಿ ಸ್ವರ ಹಿಡಿಯೋ ಪಟ್ಟಿ) ಕೂರಿಸಿರೋ ಮೇಣದ ಕಟ್ಟು. ವೀಣೆಯ 24 ಮೆಟ್ಟಿಲೂ ಕೂತಿರೋದು ಮೇಣದ ಮೇಲೆ, ಜೇನುಮೇಣಕ್ಕೆ ಇದ್ದಿಲ ಪುಡಿ ಸೇರಿಸಿ ಮಾಡಿದ ಕಪ್ಪು ಮೇಣ. ಜೇನುಮೇಣ ಕರಗೋದು 62-64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅನ್ನೋದು ನಿಜ, ಆದ್ರೆ ಅದಕ್ಕಿಂತ ಎಷ್ಟೋ ಮೊದಲೇ ಹೋಳಿಗೆ ಕಣಕದ ಹಾಗೆ ಮೆತ್ತಗಾಗುತ್ತೆ. ಹುಕಪ್, ಅಂದ್ರೆ ಕರೆಂಟ್ ಕನೆಕ್ಷನ್, ಇಲ್ಲದ ಕಡೆ ಏಸಿ ಓಡಬೇಕಂದ್ರೆ ಜನರೇಟರ್ ಹಾಕ್ಬೇಕು, ಹೈಕಿಗೆ ಹೋಗುವಾಗ ಅದನ್ನ ಆಫ್ ಮಾಡಿ ಹೋಗ್ತೀವಿ, ಬಿಸಿಲಲ್ಲಿ ನಿಂತ ಗಾಡಿ ಒಳಗೆ ಏನಾಗುತ್ತೆ ಗೊತ್ತಲ್ಲ, ಅದರಲ್ಲೂ ಆ ಬಂಕ್ ಛಾವಣಿಗೆ ಅಂಟಿಕೊಂಡೇ ಇದೆ. ವಾಪಸ್ ಬಂದು ಅವಳು ತೋಡಿ ಶುರು ಮಾಡಿ ಗಾಂಧಾರಕ್ಕೆ ತಂತಿ ಎಳೆದ್ರೆ ಮೆಟ್ಟಿಲೇ ಜೊತೆಗೆ ವಾಲ್ತು. ಈ ದೇಶದಲ್ಲಿ ಮೇಳ ಕಟ್ಟೋರನ್ನ ಎಲ್ಲಿ ಹುಡುಕೋದು? ಮುಂದಿನ ಇಂಡಿಯಾ ಟ್ರಿಪ್ ತನಕ ಆ ವೀಣೆ ಗೋಡೆ ಪಕ್ಕದಲ್ಲೇ ಇತ್ತು. ವೀಣೆ ಔಟ್.

ಈಗ ಮರದ ಪಿಟೀಲು. ಸೈಜ್ ಸಮಸ್ಯೆಯೇ ಇಲ್ಲ, ಊಟದ ಟೇಬಲ್ಲಿನ ಸೀಟ್ ಕೆಳಗೆ ಹೋಗುತ್ತೆ. ಕಾಟ ಕೊಡೋದು ತಂತಿ ಬಿಗಿ ಮಾಡೋ ಬಿರಡೆ. ಬೇ ಏರಿಯಾದಲ್ಲಿ ಗಾಳಿಯಲ್ಲಿ ಸಾಕಷ್ಟು ತೇವ ಇರುತ್ತೆ, ಮರದ ವಾದ್ಯಕ್ಕೆ ಬೇಕಾಗಿರೋ 40-60 ಪರ್ಸೆಂಟ್ ಹ್ಯುಮಿಡಿಟಿ ನಾವೇನೂ ಮಾಡದೆ ಸಿಗುತ್ತೆ. ಟೆಹಾಚಪಿ ಘಾಟ್ ಹತ್ತಿ ಆ ಕಡೆ ಮೊಹಾವಿ ಮರುಭೂಮಿಗೆ ಇಳಿದ್ರೆ ಮುಗೀತು, ನನ್ನ ಪುಟ್ಟ ಹೈಗ್ರೋಮೀಟರ್ 15ಕ್ಕೂ ಕೆಳಗೆ ತೋರಿಸುತ್ತೆ. ಬಿರಡೆ ಅಂದ್ರೆ ತೂತಿಗೆ ಒತ್ತಿ ಕೂರಿಸಿದ ಮರದ ಗೂಟ ಅಷ್ಟೇ ತಾನೆ, ಬರೀ ಘರ್ಷಣೆಯಲ್ಲಿ ನಿಂತಿರೋದು, ಮರ ಒಣಗಿ ಕುಗ್ಗಿದ ತಕ್ಷಣ ಹಿಡಿತ ಬಿಡುತ್ತೆ. ಕೇಸ್ ತೆಗೆದ್ರೆ ನಾಲ್ಕೂ ತಂತಿ ಜೋಲು, ತಂತಿಗಳನ್ನ ಎತ್ತಿ ಹಿಡಿಯೋ ಕುದುರೆ ಮಕಾಡೆ ಬಿದ್ದಿದೆ.

ಕುದುರೆ ನಿಲ್ಲಿಸೋದು ದೊಡ್ಡದೇನಲ್ಲ, ಯಾರಿಗಾದ್ರೂ ಬರುತ್ತೆ. ತಲೆನೋವು ಒಳಗಿರೋ ಸೌಂಡ್ ಪೋಸ್ಟ್. ಪಿಟೀಲಿನ ಹೊಟ್ಟೆಯೊಳಗೆ ಕುದುರೆಯ ಒಂದು ಕಾಲಿನ ಹತ್ತಿರ ಒಂದು ಸಣ್ಣ ಕಡ್ಡಿ ನಿಂತಿರುತ್ತೆ, ಅದಕ್ಕೆ ಅಂಟು ಗಿಂಟು ಏನೂ ಇಲ್ಲ, ತಂತಿಗಳ ಒತ್ತಡದಿಂದ ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ಮಧ್ಯೆ ಸಿಕ್ಕಿಕೊಂಡು ನಿಂತಿರೋದು. ತಂತಿ ಪೂರ್ತಿ ಸಡಿಲ ಆಗಿ, ಮೇಲಿಂದ ಆರ್‌ವಿ ಗುಂಡಿಗೆ ಬಿದ್ದು ಕುಲುಕಿದ್ರೆ ಕಡ್ಡಿ ಬಿದ್ದೇ ಬೀಳುತ್ತೆ. ನಮ್ಮ ಕರ್ನಾಟಕ ಸಂಗೀತದವರಿಗಂತೂ ಡಬಲ್ ರಿಸ್ಕ್, ಯಾಕಂದ್ರೆ ನಾವು ಸ-ಪ-ಸ-ಪ ಅಂತ ಇಳಿಸಿ ಶ್ರುತಿ ಮಾಡ್ಕೋತೀವಿ, ವೆಸ್ಟರ್ನ್‌ನೋರ ಜಿ-ಡಿ-ಎ-ಇಗಿಂತ ತಂತಿ ಮೊದಲೇ ಸಡಿಲ, ಕಡ್ಡಿ ಮೇಲೆ ಒತ್ತಡ ಮೊದಲೇ ಕಮ್ಮಿ. ಬಿದ್ದ ಕಡ್ಡಿಯನ್ನ ಎತ್ತಿ ನಿಲ್ಲಿಸೋಕೆ ಎಸ್ ಆಕಾರದ ಒಂದು ಸರಳು ಬೇಕು, ಅದನ್ನ ಎಫ್ ತೂತಿನಿಂದ ಒಳಗೆ ಬಿಟ್ಟು ಕಣ್ಣಳತೆ ಮೇಲೆ ನಿಲ್ಲಿಸ್ಬೇಕು. ಡೆತ್ ವ್ಯಾಲಿಯಲ್ಲಿ ಪಿಟೀಲು ರಿಪೇರಿ ಮಾಡೋರು ಸಿಕ್ತಾರಾ? ಅಲ್ಲಿ ಐಸ್ ಮೂಟೆ ಸಿಕ್ಕಿದ್ರೆ ನಮ್ಮ ಪುಣ್ಯ. ಉಳಿದ ಟ್ರಿಪ್ ಪೂರ್ತಿ ಪಿಟೀಲು ಎತ್ತಿದಾಗೆಲ್ಲ ಒಳಗೆ ಕಡ್ಡಿ ಗಳಗಳ ಅಂತ ಉರುಳ್ತಿತ್ತು, ಮಗಳಿಗೆ ಅದೇ ಆಟ.

ಸರಿ, ಕೇಸ್ ಒಳಗೆ ಒದ್ದೆ ಸ್ಪಾಂಜ್ ಇರೋ ರಬ್ಬರ್ ಟ್ಯೂಬ್ ಇಡಿ ಅಂತಾರೆ. ಇಟ್ಟೆ. ಆ ಊರಲ್ಲಿ ಬೆಳಗ್ಗೆ ನೆನೆಸಿದ್ದು ಮಧ್ಯಾಹ್ನಕ್ಕೆ ಒಣಗಿರುತ್ತೆ. ಹಾಗಿದ್ರೆ ಗೇರ್ ಇರೋ ಬಿರಡೆ ಹಾಕಿಸಬಹುದಲ್ಲ ಅಂತ ಕೇಳ್ತೀರ. ಹಾಕಿಸಬಹುದು, ಜಾರೋದು ಪೂರ್ತಿ ನಿಲ್ಲುತ್ತೆ. ಆದ್ರೆ ಒಣಹವೆಗೆ ಹಲಗೆ ಅಂಚಿನ ಅಂಟು ಬಿಡೋದು ನಿಲ್ಲಲ್ಲ. ಪಿಟೀಲಿಗೆ ಹಾಕೋ ಪ್ರಾಣಿಜನ್ಯ ಅಂಟು ಬೇಕಂತಲೇ ಸ್ವಲ್ಪ ವೀಕ್ ಇರುತ್ತೆ, ಮರ ಸೀಳೋ ಬದಲು ಜಾಯಿಂಟ್ ಬಿಡಲಿ ಅಂತ. ಬಿಸಿಗೂ ಅದು ಮೆತ್ತಗಾಗುತ್ತೆ. ಅಲ್ಲದೆ ನನ್ನದು ಗುರುಗಳು ಕೊಟ್ಟ ಹಳೇ ಪಿಟೀಲು, ಬಾಡಿಗೆ ಗಾಡಿಯಲ್ಲಿ ಕುಲುಕಿಸೋ ಸಲುವಾಗಿ ಅದರ ತೂತು ಕೊರೆಸೋಕೆ ನನಗೆ ಮನಸ್ಸು ಬರಲಿಲ್ಲ.

ಕಾರ್ಬನ್ ಫೈಬರ್ ಬಗ್ಗೆ ಹೇಳೋಕೆ ನಿಜವಾಗ್ಲೂ ಜಾಸ್ತಿ ಇಲ್ಲ, ಅದೇ ಅದರ ಗುಣ. ಸೆಕೆಂಡ್ ಹ್ಯಾಂಡ್, 600 ಡಾಲರ್ ಕೊಟ್ಟೆ. ಗೇರ್ ಬಿರಡೆ ಜೊತೆಗೇ ಬಂತು. ಕುದುರೆ ಇದರಲ್ಲೂ ಮರದ್ದೇ, ಆದ್ರೆ ತಂತಿ ಬಿಗಿಯಾಗಿರೋವರೆಗೂ ಅದೆಲ್ಲಿಗೆ ಹೋಗುತ್ತೆ? ಫರ್ನೆಸ್ ಕ್ರೀಕ್‌ನಲ್ಲಿ, ಅಂದ್ರೆ ಸಮುದ್ರ ಮಟ್ಟಕ್ಕಿಂತ 190 ಅಡಿ ಕೆಳಗೆ, 1913ರಲ್ಲಿ 134 ಡಿಗ್ರಿ ಫ್ಯಾರನ್‌ಹೀಟ್ ಅಂತ ರೆಕಾರ್ಡ್ ಆದ ಜಾಗದಲ್ಲಿ, ಕೇಸ್ ತೆಗೆದೆ, ಕೊಂಚ ಶ್ರುತಿ ಸರಿ ಮಾಡ್ದೆ, ಪಿಕ್‌ನಿಕ್ ಟೇಬಲ್ ಮೇಲೆ ಚಾಪೆ ಹಾಸಿ ಚಕ್ಕಳಮಕ್ಕಳ ಕೂತು ನುಡಿಸ್ದೆ. (ಗಾಡಿ ಒಳಗೆ ಕೂತ್ರೆ ಕಮಾನಿನ ತುದಿ ಮೇಲಿನ ಕಪಾಟಿಗೆ ಬಡಿಯುತ್ತೆ, ಮೂರಕ್ಕೂ ಹೊರಗಡೆಯೇ ವಾಸಿ.)

ಕಂಪ್ಲೇಂಟ್ ಇಲ್ಲ ಅಂತಲ್ಲ. ಮೇಲಿನ ತಂತಿ ಸ್ವಲ್ಪ ಕೀರಲು, ಮಂದ್ರದಲ್ಲಿ ಮರದ ಆ ಗುಂಯ್ ಅನ್ನೋದು ಇಲ್ವೇ ಇಲ್ಲ. ಶಂಕರಾಭರಣ ನಡೆಯುತ್ತೆ, ಭೈರವಿ ನುಡಿಸುವಾಗ ಮಾತ್ರ ಮನೆಯಲ್ಲಿರೋ ಪಿಟೀಲು ನೆನಪಾಗುತ್ತೆ. ರಾಳ ಯಾವ ಪಿಟೀಲಾದ್ರೂ ಬಿಸಿಗೆ ಕರಗಿ ಕೇಸಿಗೆ ಮೆತ್ತಿಕೊಳ್ಳುತ್ತೆ, ಅದನ್ನ ಐಸ್ ಬಾಕ್ಸ್ ಪಕ್ಕ ಇಡಿ. ಕಮಾನಿನ ಕೂದಲು ಒಣಹವೆಗೆ ಬಿಗಿಯಾಗುತ್ತೆ, ನುಡಿಸಿದ ಮೇಲೆ ಮರೀದೆ ಸಡಿಲ ಮಾಡಿ.

ಸದ್ದಿನ ವಿಷಯ: ಹೆಚ್ಚಿನ ನ್ಯಾಷನಲ್ ಪಾರ್ಕ್ ಕ್ಯಾಂಪ್‌ಗ್ರೌಂಡಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಕ್ವಯಟ್ ಅವರ್ಸ್. ಪಿಟೀಲಿಗೆ ಕುದುರೆ ಮೇಲೆ ರಬ್ಬರ್ ಮ್ಯೂಟ್ ಸಿಕ್ಕಿಸಿದ್ರೆ ಪಕ್ಕದ ಗಾಡಿಗೆ ಕೇಳ್ಸೋದೇ ಇಲ್ಲ. ವೀಣೆಗೆ ಮ್ಯೂಟ್ ಬೇಕೇ ಬೇಡ, ಅದರ ದನಿಯೇ ಮೆದು, ಅದೊಂದರಲ್ಲಿ ವೀಣೆ ಗೆದ್ದಿದೆ.

ಕೊಳಲು? ಜಾಗ ಬೇಡ, ಸರಿ, ಆದ್ರೆ ಚಳಿ ಬೆಳಗ್ಗೆ ಶ್ರುತಿ ಇಳಿಯುತ್ತೆ, ಮಧ್ಯಾಹ್ನ ಏರುತ್ತೆ, ಫೋನಿನ ತಂಬೂರಿ ಮಾತ್ರ ಅಲ್ಲೇ ಇರುತ್ತೆ. ಬಿದಿರು ಸೀಳೋ ಭಯ ಬೇರೆ. ಮೃದಂಗ ಬೇಡಪ್ಪ, ಎಡಗಡೆ ಮುಖಕ್ಕೆ ಮೆತ್ತಿದ ಒದ್ದೆ ರವೆ ಆ ಗಾಳಿಗೆ ಒಂದು ಆವರ್ತನ ಮುಗಿಯೋದ್ರೊಳಗೆ ಒಣಗುತ್ತೆ.

ದಿನಾ ನುಡಿಸ್ಲೇಬೇಕು, ವರ್ಷಕ್ಕೊಂದೆರಡು ಸಲ ಮರುಭೂಮಿಗೆ ಹೋಗ್ತೀನಿ ಅನ್ನೋರು ಕಾರ್ಬನ್ ತಗೊಳ್ಳಿ, ಹೊಸದಕ್ಕೆ ದುಡ್ಡು ಸುರೀಬೇಡಿ, ಕಾಲೇಜು ಮುಗಿಸಿ ಊರು ಬಿಡೋ ಹುಡುಗರು ಮಾರ್ತಿರ್ತಾರೆ. ಮೆಂಡೊಸಿನೊ, ಬಿಗ್ ಸರ್ ಅಂತ ಕರಾವಳಿ ಬಿಟ್ಟು ಆಚೆ ಹೋಗದೇ ಇರೋರಿಗೆ ಮರದ್ದೇ ಸಾಕು, ಬಿಸಿಲಲ್ಲಿ ಗಾಡಿಯೊಳಗೆ ಬಿಟ್ಟು ಹೋಗ್ಬೇಡಿ ಅಷ್ಟೇ. ಹೆಂಡತಿ ಸದ್ಯಕ್ಕೆ ಟ್ರಿಪ್‌ನಲ್ಲಿ ಹಾಡ್ತಾಳೆ, ನಾನು ಪಕ್ಕವಾದ್ಯ. ಮೆಟ್ಟಿಲನ್ನ ಮೇಣದ ಬದಲು ಸ್ಕ್ರೂನಲ್ಲಿ ಕೂರಿಸಿರೋ, ಬಿಚ್ಚಿ ಜೋಡಿಸೋ ಟ್ರಾವೆಲ್ ವೀಣೆ ಯಾರಾದ್ರೂ ನುಡಿಸಿ ನೋಡಿದ್ರೆ ಹೇಳಿ, ಅವಳ ಬರ್ತ್‌ಡೇ ಹತ್ರ ಬರ್ತಿದೆ.