ವಿಯೆಟ್ನಾಂ ನೋಡಿ ಬಂದೆವು, ನನ್ನ ಓಟು ಶನಿವಾರಸಂತೆ ಬಸ್ಸಿಗೆ

ಹೊರದೇಶದ ಪ್ರವಾಸ ಮೇಲೋ, ಹತ್ತಿರದ ಸುತ್ತಾಟ ಮೇಲೋ ಅಂದರೆ ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ದುಡ್ಡು, ಪುರುಸೊತ್ತು ಎರಡನ್ನೂ ಅಳೆದು ಖರ್ಚು ಮಾಡಬೇಕಾದ ನನ್ನಂಥವಳಿಗೆ ವಿದೇಶಕ್ಕಿಂತ ನಮ್ಮ ಕೊಡಗು ಸುತ್ತಿದ್ದೇ ಹೆಚ್ಚು ದಕ್ಕಿದೆ. ವಿಯೆಟ್ನಾಂ ಚೆನ್ನಾಗಿರಲಿಲ್ಲ ಅಂತಲ್ಲ, ತುಂಬಾ ಚೆನ್ನಾಗಿತ್ತು. ಕಾಫಿಗೆ ಒಳ್ಳೆ ರೇಟು ಸಿಕ್ಕಿದ ವರ್ಷ ನಮ್ಮನೆಯವರು "ಒಂದ್ಸಲ ಹೊರದೇಶ ನೋಡೋಣ" ಅಂದರು. ವಿಯೆಟ್ನಾಂ ರೊಬಸ್ಟಾ ಕಾಫಿ ಬೆಳೆಯುವುದರಲ್ಲಿ ಲೋಕಕ್ಕೇ ಮೊದಲಿರುವ ದೇಶ, ಕಾಳುಮೆಣಸಿನಲ್ಲೂ ಅಷ್ಟೇ. 2017ರಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ಕಟ್ಟುವವರೆಗೂ ನಮ್ಮೂರಿನ ಸಭೆಗಳಲ್ಲೆಲ್ಲ ಅಗ್ಗಕ್ಕೆ ಬರುವ ವಿಯೆಟ್ನಾಂ ಮೆಣಸಿನದೇ ಮಾತು. ಆ ಊರನ್ನು ಕಣ್ಣಾರೆ ನೋಡುವ ಆಸೆ ನನಗೂ ಇತ್ತು.

ಪ್ರಯಾಣ, ಹೋಟೆಲು, ವಿಮಾನ ಯಾವುದೂ ಕಷ್ಟ ಕೊಡಲಿಲ್ಲ. ಕಷ್ಟ ಕೊಟ್ಟಿದ್ದು ನನ್ನ ಹೆಸರು.

ನಮ್ಮ ಕಡೆ ಗೌಡರಾಗಲಿ ಕೊಡವರಾಗಲಿ, ಮನೆ ಹೆಸರು ಮೊದಲು, ನಮ್ಮ ಹೆಸರು ಆಮೇಲೆ. ಮದುವೆಯಾದ ಹೆಣ್ಣಿಗೆ ಮನೆ ಹೆಸರೂ ಬದಲಾಗುತ್ತದೆ. ನನ್ನ ಎಸ್ಸೆಸ್ಸೆಲ್ಸಿ ಕಾರ್ಡಲ್ಲಿ ಅಪ್ಪನ ಮನೆಯ ಇನಿಷಿಯಲ್, ಆಧಾರಲ್ಲಿ ಗಂಡನ ಮನೆಯ ಹೆಸರು. ಪಾಸ್‌ಪೋರ್ಟಲ್ಲಿ ಗಂಡನ ಮನೆ ಹೆಸರು, ನನ್ನ ಹೆಸರು ಎರಡೂ ಒಂದೇ ಸಾಲಲ್ಲಿ, ಸರ್‌ನೇಮ್ ಕಾಲಂ ಖಾಲಿ. ಊರಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಸೊಸೈಟಿಯಲ್ಲಿ, ಬ್ಯಾಂಕಲ್ಲಿ, ಪಂಚಾಯಿತಿಯಲ್ಲಿ ಮನೆ ಹೆಸರು ಹೇಳಿದ ಕೂಡಲೇ ಗದ್ದೆ ಎಲ್ಲಿದೆ ಅನ್ನುವವರೆಗೂ ಗೊತ್ತಾಗುತ್ತದೆ.

ಟ್ರಾವೆಲ್ ಏಜೆಂಟ್ ಟಿಕೆಟಲ್ಲಿ ನನ್ನ ಹೆಸರನ್ನೇ ಎರಡು ಸಲ ಹಾಕಿದರು. ಸರ್‌ನೇಮ್ ಇಲ್ಲದವರಿಗೆ ಹಾಗೆ ಮಾಡುವುದುಂಟು, ಅದಕ್ಕೆ ಅಡ್ಡಿಯಿಲ್ಲ ಅಂದರು. ಇ-ವೀಸಾದಲ್ಲಿ ಮಾತ್ರ ಮನೆ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಒಂದು ಅಕ್ಷರ ನುಂಗಿಹಾಕಿದ್ದರು. ವೀಸಾ ಕಾಗದ ಕೈಗೆ ಬಂದ ರಾತ್ರಿ ನಾನು ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಬೆರಳಿಟ್ಟು ಓದಿದೆ, ಹಾಗಾಗಿ ಕಂಡಿತು. ಬೆಳಿಗ್ಗೆ ಫೋನ್ ಮಾಡಿದರೆ "ಒಂದಕ್ಷರ ತಾನೆ ಮೇಡಂ, ಏನೂ ಆಗಲ್ಲ" ಅಂದರು. ಆಗುತ್ತದೆ. ವೀಸಾದ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಸರಿಹೊಂದದಿದ್ದರೆ ಚೆಕ್-ಇನ್ ಕೌಂಟರಲ್ಲೇ ನಿಲ್ಲಿಸಬಹುದು. ಕೊಟ್ಟಾದ ವೀಸಾವನ್ನು ತಿದ್ದಿಸಲಿಕ್ಕಾಗುವುದಿಲ್ಲ. ಹೊಸ ಅರ್ಜಿ ಹಾಕಬೇಕು, 25 ಡಾಲರ್ ಮತ್ತೆ ಕಟ್ಟಬೇಕು. ಮೊದಲು ಕಟ್ಟಿದ್ದು ವಾಪಸ್ ಬರುವುದಿಲ್ಲ.

ದುಡ್ಡಿಗಿಂತ ದಿನದ ಲೆಕ್ಕ ಕಂಗೆಡಿಸಿತು. ವೀಸಾಕ್ಕೆ ಮೂರು ಕೆಲಸದ ದಿನ ಬೇಕು. ನಾವು ಹೊರಡಬೇಕಿದ್ದದ್ದು ಮೇ ಮೊದಲ ವಾರ. ಏಪ್ರಿಲ್ 30 ಅಲ್ಲಿ ದೇಶ ಒಂದಾದ ದಿನದ ರಜೆ, ಮಾರನೇ ದಿನ ಮೇ ಡೇ, ಅದಕ್ಕೆ ಅಂಟಿಕೊಂಡು ವಾರದ ಕೊನೆ. ಕಚೇರಿಗಳೆಲ್ಲ ಬಾಗಿಲು ಹಾಕಿದವು. ನಮ್ಮನೆಯವರ ವೀಸಾ ಬಂದು ಕೂತಿದೆ, ನನ್ನದು ಇಲ್ಲ. ಕಡೆಗೆ ಟಿಕೆಟ್ ದಿನ ಮುಂದೆ ಹಾಕಿಸಿ, ಅದಕ್ಕೂ ದಂಡ ಕಟ್ಟಿ ಹೋದೆವು. ಹೊರದೇಶಕ್ಕೆ ಹೋಗುವ ನಮ್ಮೂರಿನ ಹೆಂಗಸರಿಗೆಲ್ಲ ಹೇಳುತ್ತೇನೆ: ಅರ್ಜಿ ಯಾರೇ ತುಂಬಲಿ, ಕಳಿಸುವ ಮುಂಚೆ ಅದರ ಫೋಟೋ ತರಿಸಿಕೊಂಡು ಪಾಸ್‌ಪೋರ್ಟ್ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ಯುಎಇಗೆ ಹೋಗುವವರಂತೂ ಇನ್ನೂ ಜೋಪಾನ. 2022ರ ನವೆಂಬರಿನಿಂದ ಪಾಸ್‌ಪೋರ್ಟಲ್ಲಿ ಒಂದೇ ಪದದ ಹೆಸರಿದ್ದರೆ ಪ್ರವಾಸಿ ವೀಸಾದಲ್ಲಿ ಬಿಡುವುದಿಲ್ಲ ಅಂತ ಅಲ್ಲಿಯವರು ನಿಯಮ ತಂದಿದ್ದಾರೆ.

ಅದೇ ನಮ್ಮ ಜಿಲ್ಲೆಯ ಇನ್ನೊಂದು ಮೂಲೆಯ ಶನಿವಾರಸಂತೆಗೆ ಬಸ್ಸಲ್ಲಿ ಹೋಗುವಾಗ ಕಂಡಕ್ಟರಿಗೆ ಆಧಾರ್ ತೋರಿಸಿದೆ, ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ ಹರಿದು ಕೊಟ್ಟರು. ಕಾಗದ ಪತ್ರದ ಕೆಲಸ ಅಷ್ಟಕ್ಕೇ ಮುಗಿಯಿತು.

ಇನ್ನೊಂದು ಮಾತು ಕ್ಯಾಲೆಂಡರಿನದು. ನವೆಂಬರಿನಿಂದ ಫೆಬ್ರವರಿವರೆಗೆ ಕೊಯ್ಲು, ಕಣದಲ್ಲಿ ಕಾಫಿ ಹರಡಿದ್ದರೆ ಮನೆ ಬಿಡುವ ಹಾಗಿಲ್ಲ. ಆಮೇಲೆ ಕಾಫಿ ಹೂ ಅರಳಿಸುವ ಹೂಮಳೆ ಕಾಯಬೇಕು, ಬಾರದಿದ್ದರೆ ಸ್ಪ್ರಿಂಕ್ಲರ್ ಎಳೆಯಬೇಕು. ಜೂನ್ ಬಂತೆಂದರೆ ನಮ್ಮ ಭಾಗಮಂಡಲದ ಕಡೆ ಮಳೆ ಹಿಡಿಯಿತು. ನಮಗೆ ಬಿಡುವು ಸಿಗುವುದು ಒಂದು ದಿನ, ಅರ್ಧ ದಿನ, ಹೀಗೆ ಚೂರುಚೂರಾಗಿ. ವಿಯೆಟ್ನಾಂಗೆ ಅಷ್ಟೂ ದಿನ ಒಟ್ಟಿಗೆ ಬೇಕು. ಅವರ ಕೊಯ್ಲೂ ನಮ್ಮ ಕೊಯ್ಲಿನ ಹೊತ್ತಿಗೇ ಬರುವುದರಿಂದ, ನಾನು ಆಸೆಪಟ್ಟಿದ್ದ ಹಣ್ಣು ತುಂಬಿದ ಗಿಡಗಳನ್ನು ನೋಡಲು ನಮ್ಮ ಹಣ್ಣನ್ನು ಗಿಡದಲ್ಲೇ ಬಿಟ್ಟು ಹೋಗಬೇಕಿತ್ತು.

ಆದರೂ ಅಲ್ಲಿನ ಕಾಫಿ ಸೀಮೆ ಡಾಕ್ ಲಾಕ್ ಪ್ರಾಂತ್ಯದ ಬುವಾನ್ ಮಾ ಥುವಾಟ್‌ನಲ್ಲಿ ಕಂಡದ್ದನ್ನು ಮರೆಯಲಾರೆ. ಮೈಲಿಗಟ್ಟಲೆ ಬಯಲಲ್ಲೇ ರೊಬಸ್ಟಾ. ನಮ್ಮ ಹಾಗೆ ಎರಡು ಹಂತದ ಮರದ ನೆರಳಿಲ್ಲ. ಒಂದೊಂದು ಗಿಡದ ಬುಡಕ್ಕೂ ಬಟ್ಟಲಿನ ಥರ ಗುಂಡಿ ಮಾಡಿ ಪೈಪಲ್ಲಿ ನೀರು ತುಂಬುತ್ತಾರೆ. ಎಕರೆಗೆ ಇಳುವರಿ ನಮ್ಮ ಎರಡು ಪಟ್ಟಿಗೂ ಮೇಲೆ. ನಮ್ಮನೆಯವರು ಮಣ್ಣನ್ನು ಕೈಯಲ್ಲಿ ಹಿಡಿದು ಪುಡಿ ಮಾಡುತ್ತಾ ಎಷ್ಟೋ ಹೊತ್ತು ನಿಂತಿದ್ದರು. ಕೆಂಪು ಮಣ್ಣು, ನೆಲದ ಮೇಲೆ ತರಗೆಲೆಯೇ ಇಲ್ಲ. ಕೇಳಬೇಕಾದದ್ದು ನೂರಿತ್ತು. ಗೊಬ್ಬರ ಎಷ್ಟು ಹಾಕುತ್ತೀರಿ, ಬೋರಿನ ನೀರು ಎಷ್ಟು ಆಳಕ್ಕೆ ಇಳಿದಿದೆ, ಮಕ್ಕಳು ತೋಟದಲ್ಲಿ ಉಳಿಯುತ್ತಾರಾ. ಫೋನಿನ ಅನುವಾದದಲ್ಲಿ ಎರಡು ಪ್ರಶ್ನೆ ದಾಟಿತು, ಮೂರನೆಯದಕ್ಕೆ ಆ ತೋಟದ ಅಮ್ಮ ನಕ್ಕು ಕಾಫಿ ತಂದುಕೊಟ್ಟರು.

ಅಲ್ಲೇ ಎಡೆ ಅನ್ನುವ ಬುಡಕಟ್ಟಿನವರ ಉದ್ದ ಮನೆಯನ್ನೂ ನೋಡಿದೆ. ಹೆಣ್ಣಿನ ಕಡೆಯಿಂದ ಮನೆತನ ಸಾಗುವ ಜನ ಅವರು. ಮರದ ಏಣಿಯ ತುದಿಯಲ್ಲಿ ಮೊಲೆಯ ಜೋಡಿ, ಚಂದ್ರನ ಆಕಾರ ಕೆತ್ತಿರುತ್ತಾರೆ. ಗೈಡ್ ಹೇಳಿದ್ದು ನಾಲ್ಕು ಮಾತು, ಅಷ್ಟರಲ್ಲಿ ಹೊರಡುವ ಹೊತ್ತಾಯಿತು.

ಕೊಡಗಿನಲ್ಲೇ ಕಕ್ಕಬ್ಬೆ ಕಡೆಯ ಪರಿಚಯದವರ ಐನ್‌ಮನೆಗೆ, ಅಂದರೆ ಕೊಡವ ಮನೆತನದ ಮೂಲ ಮನೆಗೆ ಹೋಗಿದ್ದು ವಾಪಸ್ ಬಂದ ಮೇಲೆ. ನಾಲ್ಕುನಾಡು ಅರಮನೆ ನೋಡಿಕೊಂಡು ಹಾಗೇ ಇಳಿದೆವು. 1792ರಲ್ಲಿ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಕಟ್ಟಿಸಿದ ಅರಮನೆ ಅದು. ಐನ್‌ಮನೆಯ ಜಗಲಿಯ ಕಂಬಗಳ ನಡುವೆ ದಪ್ಪ ಹಲಗೆ, ಐಮರ ಅನ್ನುತ್ತಾರೆ. ತಲೆತಲಾಂತರ ಕೂತು ಕೂತು ನಡುಭಾಗ ಸವೆದು ನುಣುಪಾಗಿದೆ. ಕೂರಲು ಹೋದವಳನ್ನು ಆ ಮನೆಯ ಅಜ್ಜಿ ತಡೆದು, "ಅದು ಹಿರಿಯರ ಜಾಗ, ನೀನು ಇತ್ತ ಬಾ ಮಗಳೇ" ಎಂದು ಒಳಗೆ ಕರೆದರು. ನೆಲ್ಲಕ್ಕಿ ನಡುಬಾಡೆ ಅನ್ನುವ ನಡುಮನೆಯ ದೀಪ, ಕನ್ನಿಕೊಂಬರೆ ಅನ್ನುವ ಪೂಜೆಯ ಕೋಣೆ, ಹೊರಗೆ ಹಿರಿಯರ ಗುಡಿಯಾದ ಕೈಮಡ, ಒಂದೊಂದಕ್ಕೂ ನನ್ನ ಪ್ರಶ್ನೆಗೆ ಉತ್ತರ ಕೊಟ್ಟರು. ನಾನು ತಿಳಿದಿದ್ದರಲ್ಲಿ ಕೆಲವನ್ನು ತಿದ್ದಿದರು. ಸುಗ್ಗಿ ಹಬ್ಬ ಪುತ್ತರಿಗೆ ಮತ್ತೆ ಬರಬೇಕೆಂದರು, ಹೋದೆವು, ಭತ್ತದ ಕದಿರು ತೆಗೆಯುವುದನ್ನು ನೋಡಿದೆವು. ನನಗೆ ಹತ್ತಿರದ ಪ್ರವಾಸ ಮೇಲೆನಿಸುವುದು ಇದಕ್ಕೇ. ಅರ್ಧಕ್ಕೆ ನಿಂತ ಪ್ರಶ್ನೆಯನ್ನು ಮುಂದಿನ ತಿಂಗಳು ಹೋಗಿ ಕೇಳಬಹುದು.

ಕೊಡಗಿನವರಿಗೆ ಕೊಡಗು ಗೊತ್ತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆ ಮಳೆ ಇನ್ನೂರು ಇಂಚು ದಾಟಿದ ವರ್ಷಗಳಿವೆ, ಕುಶಾಲನಗರದಲ್ಲಿ ಅದರ ಕಾಲುಭಾಗವೂ ಬೀಳುವುದಿಲ್ಲ. ಮಡಿಕೇರಿಯಿಂದಾಚೆ ಸೋಮವಾರಪೇಟೆ, ಶನಿವಾರಸಂತೆ, ಕೊಡ್ಲಿಪೇಟೆ ಅಂತ ಹೋದರೆ ಮಾತಿನ ಧಾಟಿ, ಊಟ, ಹಬ್ಬ ಎಲ್ಲ ಬೇರೆ. ದೊಡ್ಡಮಳ್ತೆಯ ಹೊನ್ನಮ್ಮನ ಕೆರೆಗೆ ಗೌರಿ ಹಬ್ಬದ ದಿನ ಬಾಗಿನ ಬಿಡುತ್ತಾರೆ. ಕೆರೆಗಾಗಿ ಪ್ರಾಣ ಕೊಟ್ಟ ಹೊನ್ನಮ್ಮನ ಕಥೆಯನ್ನು ಮೊರದಲ್ಲಿ ಬಳೆ, ಅರಿಶಿನ ಜೋಡಿಸುತ್ತಿದ್ದ ಹೆಂಗಸೊಬ್ಬರು ತಮ್ಮ ಮನೆಯ ಸೊಸೆಯ ಕಥೆ ಹೇಳುವಷ್ಟು ಸಂಕಟದಿಂದ ಹೇಳಿದರು. ಭಾಗಮಂಡಲದಲ್ಲಿ ಹುಟ್ಟಿ ಬೆಳೆದ ನಾನು ಅಲ್ಲಿಯವರೆಗೆ ಆ ಕೆರೆಯ ದಂಡೆ ತುಳಿದಿರಲಿಲ್ಲ.

ಊಟ: ಅಕ್ಕಿ ಶ್ಯಾವಿಗೆ ತಿನ್ನುವ ನಮಗೆ ವಿಯೆಟ್ನಾಂನಲ್ಲಿ ಹಸಿದಿರಬೇಕಾಗಲಿಲ್ಲ. ಎರಡೂ ಕಡೆ ಸಮ.

ಜನಜಂಗುಳಿಯ ವಿಷಯದಲ್ಲಿ ನಮ್ಮೂರು ಸೋಲುತ್ತದೆ. ಶನಿವಾರ ಭಾನುವಾರ ಮಾಂದಲಪಟ್ಟಿ ದಾರಿ, ರಾಜಾಸೀಟು ಬೇಡವೇ ಬೇಡ, ವಾರದ ನಡುವೆ ಹೋಗಿ. ಸಂಜೆಯ ಕೊನೇ ಬಸ್ಸು ಎಷ್ಟು ಹೊತ್ತಿಗೆ ಅಂತ ಇಳಿಯುವಾಗಲೇ ಕೇಳಿಟ್ಟುಕೊಳ್ಳಿ. ಹೆಂಗಸರಿಗೆ ಶೌಚಾಲಯದ ಕಷ್ಟ ಇನ್ನೂ ಇದೆ, ವಿಯೆಟ್ನಾಂ ಆ ವಿಷಯದಲ್ಲಿ ಎಷ್ಟೋ ವಾಸಿ.

ವಿಯೆಟ್ನಾಂ ಖರ್ಚು ಇಬ್ಬರಿಗೆ ಎರಡು ಲಕ್ಷದ ಹತ್ತಿರ ಹೋಯಿತು, ಟಿಕೆಟ್ ದಂಡ ಸೇರಿ. ಅಷ್ಟರಲ್ಲಿ ನಮ್ಮ ತೋಟಕ್ಕೆ ಒಂದು ವರ್ಷದ ಗೊಬ್ಬರ ಬರುತ್ತಿತ್ತು. ತಿಂಗಳ ಸಂಬಳ ಬರುವವರು, ರಜೆ ಒಟ್ಟಿಗೆ ಸಿಗುವವರು ಹೋಗಲಿ, ಅದರಲ್ಲೂ ಕಾಫಿ ಬೆಳೆಯುವ ಮನೆಯ ಮಕ್ಕಳು ಒಂದು ಸಲ ಡಾಕ್ ಲಾಕ್ ನೋಡಲೇಬೇಕು. ನಾನು ಮಾತ್ರ ಈ ಸಲ ಮಳೆ ಬಿಟ್ಟ ಮೇಲೆ ತಡಿಯಂಡಮೋಳ್ ಹತ್ತಬೇಕು. 1748 ಮೀಟರ್, ಕೊಡಗಿನಲ್ಲೇ ಎತ್ತರದ ಬೆಟ್ಟ. ಚಾರಣದ ಟಿಕೆಟ್ಟನ್ನು ಆನ್‌ಲೈನಲ್ಲಿ ಮಗಳು ಮಾಡಿಸಿಕೊಡುತ್ತಾಳೆ, ಕೊಯ್ಲು ಶುರುವಾಗುವ ಮುಂಚೆ ಒಂದು ದಿನ ಸಿಕ್ಕರೆ ಸಾಕು.