ಹಳೆಯ ವೆರಿಹೆರೊ ಕೊಳ್ಳುವುದಾದರೆ: ಬೆಳ್ಳಿ ಆಮೇಲೆ, ಅಲಗು ಮೊದಲು

ಅರ್ಜೆಂಟೀನಾ, ಉರುಗ್ವೆ ಮತ್ತು ದಕ್ಷಿಣ ಬ್ರೆಜಿಲ್‌ನ ದನಗಾಹಿ ಕುದುರೆ ಸವಾರರಾದ ಗೌಚೊಗಳ ಚೂರಿಗಳನ್ನು ಸಂಗ್ರಹಿಸಲು ಹೊರಟವರ ಕಣ್ಣು ಮೊದಲು ಬೀಳುವುದು ಉದ್ದನೆಯ ಫಕೋನ್ ಮೇಲೆ. ನಮ್ಮ ಶಿಫಾರಸು ಅದಲ್ಲ. ಮೊದಲ ಚೂರಿಯಾಗಿ 20ನೇ ಶತಮಾನದ ಮೊದಲರ್ಧದ, ಜರ್ಮನಿಯ ಸೋಲಿಂಗೆನ್ ಊರಿನ ಅಲಗಿರುವ ವೆರಿಹೆರೊ ಕೊಳ್ಳಿ. ಗೌಚೊಗಳು ಸೊಂಟದ ಮುಂಭಾಗದಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದ ಚಿಕ್ಕ ಚೂರಿ ಇದು. ಮಾಂಸ ಕೊಯ್ಯಲು, ಹಗ್ಗ ಕತ್ತರಿಸಲು, ಚರ್ಮ ಸೀಳಲು, ಹೀಗೆ ದಿನವಿಡೀ ಕೈಗೆ ಬರುತ್ತಿದ್ದದ್ದು ಇದೇ. ಬಳಕೆ ಹೆಚ್ಚಿದ್ದರಿಂದ ಇಂದಿಗೂ ಸಾಕಷ್ಟು ಸಿಗುತ್ತದೆ, ಅಸಲಿ ನಕಲಿ ಗುರುತಿಸುವ ಅಭ್ಯಾಸಕ್ಕೂ ಇದಕ್ಕಿಂತ ಒಳ್ಳೆಯದಿಲ್ಲ.

ಹೆಸರುಗಳ ಗೊಂದಲ ಮೊದಲು ಬಗೆಹರಿಯಲಿ, ಏಕೆಂದರೆ ಎಷ್ಟೋ ಮಾರಾಟಗಾರರು ಎಲ್ಲವನ್ನೂ ಫಕೋನ್ ಎಂದೇ ಕರೆದು ಬೆಲೆ ಏರಿಸುತ್ತಾರೆ. ಹಿಡಿ ಮತ್ತು ಅಲಗಿನ ನಡುವೆ ಕೈ ಕಾಯುವ ಅಡ್ಡಪಟ್ಟಿ ಇದ್ದು, ಅಲಗು ಉದ್ದವಾಗಿ ಮೊನಚಾಗಿದ್ದರೆ ಫಕೋನ್. ಅದನ್ನು ಬೆನ್ನ ಹಿಂದೆ ಸೊಂಟಪಟ್ಟಿಯಲ್ಲಿ ಅಡ್ಡಲಾಗಿ ಸಿಕ್ಕಿಸುತ್ತಿದ್ದರು. ಎರಡೂ ಬದಿ ಸಮನಾಗಿ ಹರಿತವಾಗಿದ್ದರೆ ದಾಗಾ. ಕತ್ತಿಯ ಅಲಗನ್ನೇ ಬಳಸಿ ಮಾಡಿದ, ಕುದುರೆಯ ಜೀನಿನ ಪದರಗಳ ನಡುವೆ ಇಡುತ್ತಿದ್ದ ಅತಿ ಉದ್ದದ್ದು ಕರೊನೆರೊ. ಅಡ್ಡಪಟ್ಟಿ ಇಲ್ಲದೆ, ಒಂದೇ ಬದಿ ಹರಿತವಿದ್ದು, ಅಲಗಿನ ಬುಡದಲ್ಲಿ ಗುಂಡನೆಯ ಉಕ್ಕಿನ ಗಂಟು ಇದ್ದರೆ ಅದು ಪುನ್ಯಾಲ್. ಆ ಗಂಟಿಗೆ ಬೊತೋನ್ ಎನ್ನುತ್ತಾರೆ. ವೆರಿಹೆರೊ ಎಂದರೆ ಪುನ್ಯಾಲ್‌ನ ಚಿಕ್ಕ ರೂಪ. ಅಲಗು ಸಾಮಾನ್ಯವಾಗಿ 12ರಿಂದ 16 ಸೆಂ.ಮೀ.

ಈಗ ಅಲಗಿನ ವಿಚಾರ. ಈ ಚೂರಿಗಳ ಹಿಡಿ ಮತ್ತು ಒರೆಯನ್ನು ಅಲ್ಲಿಯ ಅಕ್ಕಸಾಲಿಗಳು ಮಾಡಿದರೂ ಅಲಗುಗಳು ಬಹುಪಾಲು ಯುರೋಪಿನಿಂದ ಬಂದವು. ಬೋಕರ್ ಕಂಪನಿಯ ಅರ್ಬೊಲಿಟೊ ಅಲಗಿನ ಮೇಲೆ ಮರದ ಚಿಹ್ನೆ ಇರುತ್ತದೆ. ಇಂಗ್ಲೆಂಡಿನ ಶೆಫೀಲ್ಡ್‌ನ ಜೋಸೆಫ್ ರಾಜರ್ಸ್ ಅಲಗಿಗೆ ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ. ಮಾಂಟೆವಿಡಿಯೊದ ಬ್ರೊಕ್ವಾ ಅಂಡ್ ಶೋಲ್‌ಬರ್ಗ್ ಹೆಸರಿದ್ದರೆ ಅದು ಆಮದು ಮಾಡಿ ಮಾರಿದ ಅಂಗಡಿಯ ಹೆಸರು. ಉರುಗ್ವೆಯ ಸಂಗ್ರಾಹಕರು ಹುಡುಕಿಕೊಂಡು ಹೋಗುವ ಮುದ್ರೆ ಅದು. ರಾಜರ್ಸ್ ಮುದ್ರೆಯನ್ನು ಆ ಕಾಲದಲ್ಲೇ ಬೇರೆಯವರು ಕದ್ದು ಹಾಕುತ್ತಿದ್ದರು. ಆದ್ದರಿಂದ ಹೆಸರು ಓದಿದ ಕೂಡಲೇ ನಂಬಬೇಡಿ, ಮುದ್ರೆ ಹೇಗೆ ಬಿದ್ದಿದೆ ಎಂದು ನೋಡಿ.

ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು. ಅಚ್ಚಿನಿಂದ ಬಡಿದ ಮುದ್ರೆಯ ತಳ ಸ್ವಲ್ಪ ಏರುಪೇರಾಗಿರುತ್ತದೆ, ಅಕ್ಷರದ ಒಂದು ಬದಿ ಇನ್ನೊಂದಕ್ಕಿಂತ ಆಳವಾಗಿರುವುದು ಸಹಜ. ಲೇಸರ್‌ನಲ್ಲಿ ಕೊರೆದದ್ದರ ಆಳ ಎಲ್ಲೆಡೆ ಒಂದೇ, ತಳ ಕಪ್ಪಾಗಿ ಒರಟಾಗಿರುತ್ತದೆ. ಇದಕ್ಕಿಂತ ಒಳ್ಳೆಯ ಸುಳಿವು ತುಕ್ಕಿನದು. ಹಳೆಯ ತುಕ್ಕಿನ ಗುಳಿ ಅಕ್ಷರದ ಮೇಲೆಯೇ ಹಾದು ಅದರ ಅಂಚನ್ನು ತಿಂದಿದ್ದರೆ ಮುದ್ರೆ ತುಕ್ಕಿಗಿಂತ ಹಳೆಯದು. ಸುತ್ತಲೂ ಗುಳಿಗಳಿದ್ದು ಅಕ್ಷರದ ಅಂಚು ಮಾತ್ರ ಚೊಕ್ಕವಾಗಿದ್ದರೆ ಮುದ್ರೆ ಆಮೇಲೆ ಬಂದದ್ದು. ‘ಸೋಲಿಂಗೆನ್’ ಎಂಬ ಹೆಸರಿಗೆ ಜರ್ಮನಿಯಲ್ಲಿ ಕಾನೂನಿನ ರಕ್ಷಣೆ ಸಿಕ್ಕಿದ್ದು 1938ರಲ್ಲಿ. ಅದಕ್ಕೂ ಮೊದಲೇ ಆ ಹೆಸರು ಬಳಕೆಯಲ್ಲಿತ್ತು, ಹಾಗಾಗಿ ಅದೊಂದರಿಂದಲೇ ಕಾಲ ನಿರ್ಧರಿಸಲು ಹೋಗಬೇಡಿ.

ಎರಡನೆಯ ಪರೀಕ್ಷೆ ಅಲಗಿನ ಸವೆತ. ದಶಕಗಟ್ಟಲೆ ಸಾಣೆ ಹಿಡಿದ ಅಲಗು ನಡುವೆ ಸೊರಗಿ, ಬೊತೋನ್ ಹತ್ತಿರ ಮಾತ್ರ ಮೂಲ ಅಗಲ ಉಳಿಸಿಕೊಂಡಿರುತ್ತದೆ. ಬೊತೋನ್‌ನಿಂದ 1 ಸೆಂ.ಮೀ. ದೂರದಲ್ಲೊಮ್ಮೆ, ಅಲಗಿನ ನಡುಭಾಗದಲ್ಲೊಮ್ಮೆ ಅಗಲ ಅಳೆಯಿರಿ. ಅಗಲ ನಿಧಾನವಾಗಿ ಇಳಿಯುತ್ತಾ ಹೋಗಿದ್ದರೆ ಚಿಂತೆಯಿಲ್ಲ. ಹರಿತದ ಗೆರೆ ಒಳಕ್ಕೆ ಬಾಗಿ ಹಳ್ಳವಾಗಿದ್ದರೆ ಅರ್ಧ ಬೆಲೆಯ ಮಾತಾಡಿ. ಇದಕ್ಕಿಂತ ಕೆಟ್ಟದ್ದು ಹೊಳಪು ಯಂತ್ರಕ್ಕೆ ಕೊಟ್ಟ ಅಲಗು. ಬೆನ್ನಿನ ಮೂಲೆಗಳು ದುಂಡಗಾಗಿ, ಮುದ್ರೆ ಮಸುಕಾಗಿ, ಕನ್ನಡಿಯಂತೆ ಹೊಳೆಯುತ್ತಿದ್ದರೆ ಬಿಟ್ಟುಬಿಡಿ. ಬೂದು ಮಿಶ್ರಿತ ಕಪ್ಪು ಬಣ್ಣ ಹಳೆಯ ಕಾರ್ಬನ್ ಉಕ್ಕಿನ ಸಹಜ ಮೈಬಣ್ಣ. ಅದನ್ನು ತೆಗೆಸುವುದು ಚೂರಿಯ ಆಯಸ್ಸನ್ನೇ ಅಳಿಸಿದ ಹಾಗೆ.

ಹಿಡಿ ಮತ್ತು ಒರೆಗೆ ಬಂದರೆ, ಬೆಳ್ಳಿಯಂತೆ ಕಾಣುವುದರಲ್ಲಿ ಬಹಳಷ್ಟು ಅಲ್ಪಾಕಾ. ತಾಮ್ರ, ನಿಕಲ್, ಸತುವಿನ ಮಿಶ್ರಣವದು. ಬೆಳ್ಳಿ ಚೂರೂ ಇಲ್ಲ. ಕೆಟ್ಟ ವಸ್ತುವೇನಲ್ಲ, ಬೆಳ್ಳಿಯ ಬೆಲೆ ಕೊಡಬಾರದು ಅಷ್ಟೇ. ಸಾವಿರ ಪಾಲಿನಲ್ಲಿ ಬೆಳ್ಳಿ ಎಷ್ಟು ಎಂದು ಹೇಳುವ 800 ಅಥವಾ 900 ಎಂಬ ಅಂಕಿ ಇದ್ದರೆ ಒಳ್ಳೆಯದು, ಆದರೆ ಹಳೆಯ ಅಕ್ಕಸಾಲಿ ಕೆಲಸದಲ್ಲಿ ಅಂಕಿ ಇಲ್ಲದ ಅಸಲಿ ಬೆಳ್ಳಿಯೂ ಉಂಟು. ಒರೆ ಪೂರ್ತಿ ಲೋಹದ್ದಾಗಿದ್ದು ಒಳಗೆ ಮರ, ಚರ್ಮ ಇಲ್ಲದಿದ್ದರೆ ತೂಕದ ಪರೀಕ್ಷೆ ಮಾಡಬಹುದು. 0.1 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆ ಮಾಡಿ, ಒರೆಯನ್ನು ದಾರದಲ್ಲಿ ತೂಗುಹಾಕಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ. 100 ಗ್ರಾಂ ತೂಕದ ಒರೆ 900ರ ಬೆಳ್ಳಿಯಾಗಿದ್ದರೆ ತಕ್ಕಡಿ ಸುಮಾರು 9.7 ಗ್ರಾಂ ತೋರಿಸುತ್ತದೆ, ಅಲ್ಪಾಕಾ ಆದರೆ ಸುಮಾರು 11.5. ಒರೆಯೊಳಗೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಅಂಕಿ ಏರಿ ಒಳ್ಳೆಯ ಬೆಳ್ಳಿಯೂ ಅಲ್ಪಾಕಾದಂತೆ ಕಾಣುತ್ತದೆ. ಆದ್ದರಿಂದ ಬಾಯಿ ಮೇಲಾಗಿಸಿ, ಸೊನ್ನೆ ಮಾಡಿದ ಅದೇ ಪಾತ್ರೆಯ ನೀರನ್ನೇ ತುಂಬಿ, ತಟ್ಟಿ ಗುಳ್ಳೆ ಹೊರಡಿಸಿ ಇಳಿಬಿಡಿ. ಪರೀಕ್ಷೆ ಮುಗಿದ ಮೇಲೆ ಒಳಭಾಗ ಪೂರ್ತಿ ಒಣಗುವವರೆಗೆ ಅಲಗು ಸೇರಿಸಬೇಡಿ. ಹಿಡಿಗೆ ಈ ಪರೀಕ್ಷೆ ನಡೆಯದು: ಒಳಗೆ ಅಲಗಿನ ಬಾಲವಿದೆ, ಅದರ ಸುತ್ತ ಅರಗು ಅಥವಾ ರಾಳ ತುಂಬಿರುತ್ತದೆ.

ಆ ಅರಗೇ ಹಳೆಯ ವೆರಿಹೆರೊದ ದೊಡ್ಡ ದೌರ್ಬಲ್ಯ. ಬಿಸಿ ತಗುಲಿದರೆ ಮೆತ್ತಗಾಗುತ್ತದೆ, ವರ್ಷಗಳಾದಂತೆ ಬಿರುಕು ಬಿಟ್ಟು ಪುಡಿಯಾಗುತ್ತದೆ. ಹಿಡಿಯನ್ನು ಕಿವಿಯ ಬಳಿ ಹಿಡಿದು ಮೆಲ್ಲನೆ ಅಲ್ಲಾಡಿಸಿ; ಗರಗರ ಸದ್ದು ಬಂದರೆ, ಅಥವಾ ಅಲಗನ್ನು ಬಟ್ಟೆಯಲ್ಲಿ ಸುತ್ತಿ ತಿರುಗಿಸಿದಾಗ ಬುಡದಲ್ಲಿ ಮಿಸುಕಿದರೆ, ಮತ್ತೆ ಅರಗು ತುಂಬಿಸುವ ಖರ್ಚನ್ನು ಬೆಲೆಯಿಂದ ಕಳೆಯಿರಿ. ಬಿಸಿನೀರಿನಲ್ಲಿ ತೊಳೆಯುವುದಂತೂ ಕೂಡದು.

ಕೆತ್ತನೆ ಕೈಯದೋ ಅಚ್ಚಿನದೋ ಎಂದು ತಿಳಿಯಲು ಎಡ ಬಲದ ಹೂವುಗಳನ್ನು ಹೋಲಿಸಿ. ಉಳಿಯಿಂದ ಕೆತ್ತಿದ್ದರಲ್ಲಿ ಎರಡು ಎಲೆ ಒಂದೇ ಥರ ಇರುವುದಿಲ್ಲ. ಬ್ರೆಜಿಲ್‌ನ ಕಶಿಯಾಸ್ ದೊ ಸುಲ್ ಊರಿನ ಎಬರ್ಲೆ ಕಾರ್ಖಾನೆಯ ಹಿಡಿಗಳಂತೆ ಅಚ್ಚೊತ್ತಿದ್ದರಲ್ಲಿ ಗೆರೆಗೆ ಗೆರೆ ಹೊಂದುತ್ತದೆ. ಚಿನ್ನದ ಹೂವು ಬೇರೆ ತಗಡಿನಿಂದ ಬೆಸೆದದ್ದಾದರೆ ಅಂಚಿನಲ್ಲಿ ಉಗುರಿಗೆ ಮೆಟ್ಟಿಲು ಸಿಗುತ್ತದೆ. ಬರೀ ಲೇಪವಾದರೆ ಉಬ್ಬಿದ ಕಡೆ ಸವೆದು ಬಿಳಿ ಇಣುಕುತ್ತದೆ.

ಒರೆ ಅದೇ ಚೂರಿಯದೇ ಎಂಬುದನ್ನೂ ನೋಡಿ. ಜೋಡಿ ತಪ್ಪಿದ ಒರೆಗಳು ಮಾರುಕಟ್ಟೆಯಲ್ಲಿ ಧಾರಾಳ. ಅಲಗು ಕೊನೆಯ 2 ಸೆಂ.ಮೀ. ಬಿಗಿಯಾಗಿ ಸರಿದು ಬೊತೋನ್ ಒರೆಯ ಬಾಯಿಗೆ ಕೂರಬೇಕು. ಒರೆಯ ಮುಂಭಾಗದಲ್ಲಿ ಸೊಂಟಪಟ್ಟಿಗೆ ಸಿಕ್ಕುವ ಕೊಕ್ಕೆ ಇರಬೇಕು. ಅದು ಮುರಿದು ಹೊಸದಾಗಿ ಬೆಸೆದಿದ್ದರೆ ಸುತ್ತಲಿನ ಲೋಹದ ಬಣ್ಣ ಬೇರೆಯಾಗಿರುತ್ತದೆ.

ಎಲ್ಲಿ ಕೊಳ್ಳುವುದು? ಬ್ಯೂನಸ್ ಐರಿಸ್‌ನ ಸಾನ್ ತೆಲ್ಮೊ ಭಾನುವಾರದ ಸಂತೆಯಲ್ಲಿ ಆಯ್ಕೆ ಹೆಚ್ಚು, ಜೋಡಿ ತಪ್ಪಿದವೂ ಹೆಚ್ಚು. ಹೊಸದಾಗಿ ಮಾಡಿಸುವವರಿಗೆ ಅರ್ಜೆಂಟೀನಾದ ಸಾನ್ ಆಂಟೋನಿಯೊ ದೆ ಅರೇಕೊ ಊರು. ಅಲ್ಲಿನ ಬೆಳ್ಳಿ ಕೆಲಸದ ಮಟ್ಟವೇ ಬೇರೆ. ಅಲ್ಲಿಗೆ ಹೋದವರು 1938ರಲ್ಲಿ ತೆರೆದ ಗೌಚೊ ವಸ್ತುಸಂಗ್ರಹಾಲಯವನ್ನು ಕೊಳ್ಳುವುದಕ್ಕೆ ಮೊದಲೇ ನೋಡಲಿ, ಕಣ್ಣಿಗೆ ಅಳತೆ ಸಿಗುತ್ತದೆ. ಮನೆಗೆ ತಂದ ಮೇಲೆ ಅಲಗಿಗೆ ತೆಳ್ಳಗೆ ಖನಿಜ ತೈಲ ಸವರಿ, ಚರ್ಮದ ಒರೆಯಾದರೆ ಚೂರಿಯನ್ನು ಒರೆಯಿಂದ ಹೊರಗೇ ಇಡಿ: ಚರ್ಮ ತೇವ ಹಿಡಿದಿಟ್ಟು ಅಲಗಿಗೆ ಕೆಂಪು ತುಕ್ಕು ತರುತ್ತದೆ. ಬೆಳ್ಳಿಯನ್ನು ಹತ್ತಿ ಬಟ್ಟೆಯಿಂದ ಒರೆಸಿದರೆ ಸಾಕು. ಅದ್ದಿ ತೆಗೆಯುವ ದ್ರಾವಣ ಬಳಸಿದರೆ ಕೆತ್ತನೆಯ ಸಂದಿನ ಕಪ್ಪು ಹೋಗಿ ಹೂವುಗಳೆಲ್ಲ ಚಪ್ಪಟೆಯಾಗಿ ಕಾಣುತ್ತವೆ, ಬೊತೋನ್ ಸಂದಿಗೆ ಇಳಿದ ದ್ರವ ಒಳಗಿನ ಉಕ್ಕನ್ನೂ ತಿನ್ನುತ್ತದೆ.